ಕಡಲು ಬಿಟ್ಟುಹೋದ ಊರು: ಎಫೆಸಸ್ಸಿನಲ್ಲಿ ಒಂದು ಹಗಲು



ಪ್ರಾಚೀನ ಗ್ರೀಕ್ ನಗರವೆಂದೊಡನೆ ನಮ್ಮ ಮನಸ್ಸು ಅಥೆನ್ಸಿನತ್ತ ಹರಿಯುತ್ತದೆ. ಆದರೆ ಗ್ರೀಕರ ಹೆಸರಾಂತ ನಗರಗಳಲ್ಲಿ ಹಲವು ಇಂದಿನ ಗ್ರೀಸ್ ದೇಶದಲ್ಲಿಲ್ಲ. ಟರ್ಕಿಯ ಪಶ್ಚಿಮ ಕರಾವಳಿಯಲ್ಲಿವೆ. ಆ ತೀರಕ್ಕೆ ಅಯೋನಿಯ ಎಂದು ಹೆಸರು. ನಮ್ಮ ಪೂರ್ವಿಕರು ಗ್ರೀಕರನ್ನು ‘ಯವನ’ರೆಂದು ಕರೆದದ್ದರ ಮೂಲ ಇಲ್ಲಿದೆ. ಆ ಯವನರ ಊರುಗಳಲ್ಲಿ ಪ್ರಮುಖವಾದ ಎಫೆಸಸ್ಸಿಗೆ ನಾವು ಎರಡು ಬಾರಿ ಹೋಗಿ ಬಂದಿದ್ದೇವೆ. ಎರಡೂ ಸಲ ಬೆಳಗ್ಗೆ ಹೋಗಿ ಸಂಜೆ ಮರಳಿದ ಒಂದು ದಿನದ ಪ್ರವಾಸ. ಮೊದಲ ಸಲ ಕಂಡದ್ದು ಅಮೃತಶಿಲೆ. ಎರಡನೆಯ ಸಲ ಕಂಡದ್ದು ಹೂಳು. ಇಂದು ಹೇಳಹೊರಟಿರುವುದು ಮುಖ್ಯವಾಗಿ ಆ ಹೂಳಿನ ಕಥೆ.

ಹೋಗುವ ದಾರಿ ಸುಲಭ. ಹಡಗಿನಲ್ಲಿ ಬರುವವರು ಕುಶಾದಸಿ ಬಂದರಿನಲ್ಲಿ ಇಳಿಯುತ್ತಾರೆ. ಇಜ್ಮೀರ್ ನಗರದಿಂದ ಬರುವವರಿಗೆ ಸೆಲ್ಚುಕ್ ಎಂಬ ಪಟ್ಟಣದವರೆಗೆ ರೈಲೂ ಉಂಟು. ಮಾರ್ಗದರ್ಶಕರು ಸಾಮಾನ್ಯವಾಗಿ ಮೇಲಿನ ಬಾಗಿಲಿನಿಂದ ಒಳಹೊಗಿಸಿ, ಕಲ್ಲುಹಾಸಿನ ಇಳಿಜಾರು ಬೀದಿಯಲ್ಲಿ ಕೆಳಗೆ ಕರೆತರುತ್ತಾರೆ. ಬೀದಿಯ ಕೊನೆಯಲ್ಲಿ ಸೆಲ್ಸಸ್ ಗ್ರಂಥಾಲಯ ಎದುರಾಗುತ್ತದೆ. ಕ್ರಿ.ಶ. 92ರಲ್ಲಿ ರೋಮಿನ ಕಾನ್ಸಲ್ ಪದವಿಗೇರಿದ ಸೆಲ್ಸಸ್‌ನ ನೆನಪಿಗೆ ಅವನ ಮಗ ಅಕ್ವಿಲ 2ನೆಯ ಶತಮಾನದ ಆರಂಭದಲ್ಲಿ ಕೈಗೊಂಡ ಕಟ್ಟಡವಿದು. ಕೆಳಗೆ ತಂದೆಯ ಸಮಾಧಿ, ಮೇಲೆ ಸುಮಾರು 12,000 ಸುರುಳಿಗಳಿಗೆ ಎಡೆ. ಬಿದ್ದಿದ್ದ ಮುಂಭಾಗವನ್ನು 1970ರ ದಶಕದಲ್ಲಿ ಆಸ್ಟ್ರಿಯಾದ ಪುರಾತತ್ತ್ವಜ್ಞರು ಮತ್ತೆ ಎತ್ತಿ ನಿಲ್ಲಿಸಿದರು. ಮುಂದೆ ಸುಮಾರು 25,000 ಜನ ಕೂರಬಹುದಾದ ಬಯಲು ರಂಗಮಂದಿರ. ಅದರ ಎದುರಿನಿಂದ ಅಗಲವಾದ ಬೀದಿಯೊಂದು ಪಶ್ಚಿಮಕ್ಕೆ ನೇರವಾಗಿ ಅರ್ಧ ಕಿಲೋಮೀಟರು ಸಾಗಿ, ಬಂದರನ್ನು ಸೇರಬೇಕಾದಲ್ಲಿ ಜೊಂಡಿನ ಬಯಲಿಗೆ ಮುಟ್ಟುತ್ತದೆ. ಕಡಲು ಅಲ್ಲಿಂದ ಹಲವು ಕಿಲೋಮೀಟರು ಆಚೆ ಸರಿದಿದೆ.

ಎಫೆಸಸ್ ವಲಸಿಗರ ಊರು. ಅಥೆನ್ಸಿನ ಅರಸು ಕೋಡ್ರಸನ ಮಗ ಆಂಡ್ರೋಕ್ಲಸ್ ತನ್ನವರೊಡನೆ ಕಡಲು ದಾಟಿ ಬಂದನೆಂದೂ, ಮೀನು ಮತ್ತು ಕಾಡುಹಂದಿ ತೋರಿದೆಡೆ ನೆಲೆಸೆಂದು ದೈವವಾಣಿಯಾಗಿತ್ತೆಂದೂ ಐತಿಹ್ಯ. ಬಂದವರು ಅಲ್ಲಿದ್ದ ತಾಯಿದೇವತೆಯನ್ನು ಕೈಬಿಡಲಿಲ್ಲ. ತಮ್ಮ ಆರ್ಟೆಮಿಸ್ ಎಂದೇ ಪೂಜಿಸಿದರು. ಅವಳ ದೇಗುಲ ಜಗತ್ತಿನ ಏಳು ಅದ್ಭುತಗಳಲ್ಲೊಂದಾಯಿತು. ತನ್ನ ಹೆಸರು ಉಳಿಯಲೆಂದು ಹೆರೋಸ್ಟ್ರಾಟಸ್ ಎಂಬವನು ಕ್ರಿ.ಪೂ. 356ರಲ್ಲಿ ಅದಕ್ಕೆ ಬೆಂಕಿಯಿಟ್ಟ. ಊರಿನವರು ಮತ್ತೆ ಕಟ್ಟಿದರು. ನದಿಯ ಉಪಮೆಯಿಂದ ಪ್ರಸಿದ್ಧನಾದ ತತ್ತ್ವಜ್ಞಾನಿ ಹೆರಾಕ್ಲಿಟಸ್ ಇಲ್ಲಿಯವನು.

ನಮ್ಮ ವೃತ್ತಿಯವರಿಗಂತೂ ಇದು ಯಾತ್ರಾಸ್ಥಳ. ಸ್ತ್ರೀರೋಗ ಮತ್ತು ಪ್ರಸೂತಿಯನ್ನು ಕುರಿತು ಮಹತ್ತ್ವದ ಗ್ರಂಥ ಬರೆದ ಸೊರೇನಸ್ ಈ ಊರಿನ ಮಗ. ಸೂಲಗಿತ್ತಿಗೆ ಅಕ್ಷರಜ್ಞಾನವಿರಬೇಕು, ಮೂಢನಂಬಿಕೆ ಇರಕೂಡದು ಎಂದು ಸುಮಾರು 1,900 ವರ್ಷಗಳ ಹಿಂದೆ ವಿಧಿಸಿದವನು ಆತ. ಇಲ್ಲಿನ 2ನೆಯ ಶತಮಾನದ ಶಾಸನಗಳು ವೈದ್ಯರಿಗಾಗಿ ನಡೆಯುತ್ತಿದ್ದ ಸ್ಪರ್ಧೆಗಳನ್ನು ಹೇಳುತ್ತವೆ. ಶಸ್ತ್ರಚಿಕಿತ್ಸೆಗೆ ಒಂದು, ಉಪಕರಣಗಳಿಗೆ ಒಂದು ಎಂಬಂತೆ ವಿಭಾಗಗಳು. ಇಷ್ಟೆಲ್ಲ ಬಲ್ಲವರಿದ್ದ ಊರು ತನ್ನದೇ ಒಂದು ದೀರ್ಘಕಾಲದ ರೋಗವನ್ನು ಗುಣಪಡಿಸಿಕೊಳ್ಳಲಾರದೆ ಹೋಯಿತು.

ಆ ರೋಗವೇ ಹೂಳು. ಕೇಸ್ಟರ್ ನದಿ ಮೇಲ್ಕಣಿವೆಯ ಮಣ್ಣನ್ನು ವರ್ಷವರ್ಷವೂ ಕೊಲ್ಲಿಗೆ ತಂದು ಸುರಿಯುತ್ತಿತ್ತು. ಕ್ರಿ.ಪೂ. 2ನೆಯ ಶತಮಾನದಲ್ಲಿ ಪೆರ್ಗಮಮ್ಮಿನ ದೊರೆ ಅಟ್ಟಾಲಸ್, ಬಂದರಿನ ಬಾಯಿ ಕಿರಿದಾದರೆ ನೀರು ಆಳವಾದೀತೆಂದು ಎಣಿಸಿ ಕಟ್ಟೆ ಕಟ್ಟಿಸಿದ. ಆದದ್ದು ತದ್ವಿರುದ್ಧ. ಮೊದಲು ಕಡಲಿನ ಏರಿಳಿತ ಹೂಳನ್ನು ಹೊರಗೆ ಎಳೆದೊಯ್ಯುತ್ತಿತ್ತು. ಕಟ್ಟೆ ಬಂದ ಮೇಲೆ ಅದು ಒಳಗೇ ನಿಂತಿತು. ಇದನ್ನು ಬರೆದಿಟ್ಟವನು ಭೂಗೋಳಕಾರ ಸ್ಟ್ರಾಬೊ. ಚಿಕಿತ್ಸೆಯೇ ರೋಗವನ್ನು ಬಲಿಸಿದ ಇಂಥ ಪ್ರಸಂಗಗಳು ವೈದ್ಯರಿಗೆ ಅಪರಿಚಿತವಲ್ಲ. ಮುಂದೆ ನೀರೋ ಚಕ್ರವರ್ತಿಯ ಕಾಲದಲ್ಲಿ ಹೂಳೆತ್ತಿಸಿದರು. ಹೇಡ್ರಿಯನ್ ಚಕ್ರವರ್ತಿ ನದಿಯನ್ನೇ ತಿರುಗಿಸಲು ಯತ್ನಿಸಿದ. ಅದೇ 2ನೆಯ ಶತಮಾನದ ಇನ್ನೊಂದು ಶಾಸನ ನಮ್ಮನ್ನು ಬಹಳವಾಗಿ ಕಾಡಿತು. ಬಂದರುಕಟ್ಟೆಯ ಮೇಲೆ ಮರದ ದಿಮ್ಮಿ ಪೇರಿಸಕೂಡದು, ಅಲ್ಲಿ ಕಲ್ಲು ಕೊಯ್ಯಕೂಡದು, ಕಲ್ಲಿನ ಪುಡಿ ಬಿದ್ದು ಬಂದರು ತುಂಬುತ್ತಿದೆ ಎಂದು ರಾಜ್ಯಪಾಲ ಆಂಟೋನಿಯಸ್ ಆಲ್ಬಸ್ ಹೊರಡಿಸಿದ ಆಜ್ಞೆಯದು. ಯಾವ ಅಮೃತಶಿಲೆಯಿಂದ ಊರಿನ ವೈಭವ ಏರುತ್ತಿತ್ತೋ ಅದರ ಪುಡಿಯೂ ಊರಿನ ಉಸಿರನ್ನು ಕಟ್ಟುತ್ತಿತ್ತು!

ಬಂದರು ಜೌಗಾಯಿತು. ಜೌಗು ಎಂದರೆ ಸೊಳ್ಳೆ. ಊರಿನ ಅವನತಿಯಲ್ಲಿ ಮಲೇರಿಯಾದ ಪಾಲೂ ಉಂಟೆಂದು ವಿದ್ವಾಂಸರ ಅಭಿಪ್ರಾಯ. ಎಲ್ಲವೂ ಮೆಲ್ಲಗೆ ನಡೆಯಿತೆಂದಲ್ಲ. ಕ್ರಿ.ಶ. 614-615ರ ಸುಮಾರಿಗೆ ಹಠಾತ್ತನೆ ಸುಟ್ಟುಹೋದ ಅಂಗಡಿಗಳ ಕೇರಿಯೊಂದು ಉತ್ಖನನದಲ್ಲಿ ದೊರೆತುದನ್ನು 2022ರಲ್ಲಿ ಪ್ರಕಟಿಸಿದರು. ಉಪ್ಪು ಹಾಕಿದ ಮೀನಿನ ಪಾತ್ರೆಗಳು ಸಹ ಇದ್ದಲ್ಲೇ ಇದ್ದುವು. ಕ್ರಮೇಣ ಜನ ಸೆಲ್ಚುಕ್ಕಿನ ಗುಡ್ಡಕ್ಕೆ ಸರಿದರು. ಆರ್ಟೆಮಿಸ್ ದೇಗುಲ ಎಲ್ಲಿತ್ತೆಂಬುದೇ ಮರೆತುಹೋಯಿತು. ಜಾನ್ ಟರ್ಟಲ್ ವುಡ್ ಎಂಬ ಆಂಗ್ಲ ವಾಸ್ತುಶಿಲ್ಪಿ ಆರು ವರ್ಷ ಹುಡುಕಿ, 1869ರ ಡಿಸೆಂಬರ್ 31ರಂದು, ಸುಮಾರು 20 ಅಡಿ ಹೂಳಿನಡಿಯಲ್ಲಿ ಅದರ ನೆಲಗಟ್ಟನ್ನು ಕಂಡ. ಇಂದು ಅಲ್ಲಿ ಚೂರುಗಳನ್ನು ಜೋಡಿಸಿ ನಿಲ್ಲಿಸಿದ ಒಂದೇ ಕಂಬವಿದೆ.

ಕೊನೆಗೆ ಎರಡು ಮಾತು. ಹೋಮರನ ಇಲಿಯಡ್ ಕಾವ್ಯದಲ್ಲಿ ‘ಏಷ್ಯ’ದ ಹೆಸರು ಬರುವುದು ಖಂಡಕ್ಕಲ್ಲ, ಕೇಸ್ಟರ್ ನದಿಯ ಬದಿಯ ಹುಲ್ಲುಗಾವಲಿಗೆ. ಆಮೇಲೆ ಅದು ಎಫೆಸಸ್ಸನ್ನೊಳಗೊಂಡ ರೋಮನ್ ಪ್ರಾಂತ್ಯದ ಹೆಸರಾಯಿತು, ಮುಂದೆ ಇಡೀ ಖಂಡದ್ದಾಯಿತು. ಪರದೇಶದ ಅರ್ಜಿಗಳಲ್ಲಿ ‘ಏಷ್ಯನ್’ ಎಂಬ ಚೌಕದಲ್ಲಿ ಗುರುತು ಹಾಕುವ ನಾವೆಲ್ಲರೂ ಆ ಒದ್ದೆ ಹುಲ್ಲುಗಾವಲಿಗೆ ಋಣಿಗಳು.

ಇನ್ನೊಂದು: ಸಂಜೆ ಸಮಯ ಮಿಕ್ಕರೆ ಸೆಲ್ಚುಕ್ಕಿನ ಹತ್ತಿರದ ಶಿರಿಂಜೆ ಎಂಬ ಗುಡ್ಡದ ಹಳ್ಳಿಗೆ ಹೋಗಿ. ಅಲ್ಲಿ ನೆಲೆಸಿದ್ದ ಗ್ರೀಕ್ ಕುಟುಂಬಗಳು 1922ರ ಯುದ್ಧ ಮತ್ತು 1923ರ ಜನವಿನಿಮಯದ ಒಪ್ಪಂದದಿಂದಾಗಿ ಊರು ಬಿಟ್ಟವು. ಗ್ರೀಸಿನಿಂದ ಬಂದ ಮುಸ್ಲಿಮ್ ಕುಟುಂಬಗಳು ಆ ಮನೆಗಳಲ್ಲಿ ನೆಲೆಸಿದವು. ಬಂದರನ್ನು ಹೂಳು ಮುಚ್ಚಲು ಶತಮಾನಗಳೇ ಹಿಡಿದವು. ಆ ಬೀದಿಗಳಲ್ಲಿ ಗ್ರೀಕ್ ಮಾತು ನಿಲ್ಲಲು ಕೆಲವೇ ತಿಂಗಳು ಸಾಕಾಯಿತು. ಎರಡೂ ಕಡೆ ಹೊಸ ಊರಿಗೆ ಬಂದಿಳಿದವರು ಮಕ್ಕಳಿಗೆ ಮೊದಲು ಯಾವ ಮಾತು ಕಲಿಸಿದರೋ ಎಂಬ ಯೋಚನೆ ಹಿಂದಿರುಗುವ ಬಸ್ಸಿನಲ್ಲಿ ನಮ್ಮನ್ನು ಬಿಡಲಿಲ್ಲ.