ದಂಡಿನ ಎಲ್ಲೆಯೂ ಶಾಲೆಯ ವರ್ಗಾವಣೆ ಪತ್ರವೂ

ಬೆಂಗಳೂರಿನ ಚರಿತ್ರೆಯನ್ನು ಬರೆದ ವಿದ್ವಾಂಸರು ಕೋಟೆ, ಪೇಟೆ, ಕೆರೆ, ದೇವಾಲಯ, ಶಾಸನಗಳ ವಿಷಯವಾಗಿ ಸಾಕಷ್ಟು ವಿಚಾರ ಮಾಡಿರುವರು. ಆದರೆ ಒಂದೇ ಊರಿನೊಳಗೆ ಬಹುಕಾಲ ನಿಂತಿದ್ದ ಎರಡು ಆಡಳಿತಗಳ ನಡುವಣ ಎಲ್ಲೆಯು, ಪುಸ್ತಕದ ಚೀಲವನ್ನು ಹೆಗಲಿಗೇರಿಸಿಕೊಂಡು ಅದನ್ನು ದಾಟಬೇಕಾಗಿದ್ದ ಹುಡುಗನ ಪಾಲಿಗೆ ಏನಾಗಿದ್ದಿತು ಎಂಬ ಪ್ರಶ್ನೆ ಅಷ್ಟಾಗಿ ವಿಚಾರಕ್ಕೆ ಬಂದಂತಿಲ್ಲ. ಒಂದು ಶಾಲೆಯನ್ನು ಬಿಟ್ಟು ಮತ್ತೊಂದನ್ನು ಸೇರುವ ವಿದ್ಯಾರ್ಥಿಗೆ ಕೊಡುವ ವರ್ಗಾವಣೆ ಪತ್ರವು ನೋಡುವುದಕ್ಕೆ ಅಲ್ಪವಾದ ಕಾಗದ. ಅದರ ಇತಿಹಾಸವನ್ನು ಹಿಡಿದು ಹೋದರೆ, ರಾಜಕೀಯವಾದ ಎಲ್ಲೆಯೊಂದು ಅಳಿದರೂ ವಿದ್ಯಾಭ್ಯಾಸದ ಎಲ್ಲೆ ಅದರೊಡನೆಯೇ ಅಳಿಯುವುದಿಲ್ಲವೆಂಬುದು ಗೊತ್ತಾಗುವುದು. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಎಲ್ಲೆಯ ಸಂಗತಿ. ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲೀಷರ ಸೇನೆಯು ೧೮೦೯ರಲ್ಲಿ ಬೆಂಗಳೂರಿಗೆ ಬಂದು ನೆಲಸಿತು. ಪೇಟೆಯ ಜನರು ಆ ನೆಲೆಯನ್ನು ‘ದಂಡು’ ಎಂದು ಕರೆದರು. ರೈಲ್ವೆ ನಿಲ್ದಾಣವೊಂದರ ಹೆಸರಿನಲ್ಲಿ ಆ ಮಾತು ಇಂದಿಗೂ ಉಳಿದಿರುವುದು. ೧೮೬೨ರಲ್ಲಿ ಪೇಟೆಗೂ ದಂಡಿಗೂ ಬೇರೆಬೇರೆ ಪುರಸಭೆಗಳಾದುವು. ೧೮೮೧ರಲ್ಲಿ ಸಂಸ್ಥಾನವು ಮತ್ತೆ ಮೈಸೂರು ಅರಸರ ವಶಕ್ಕೆ ಬಂದಾಗ, ದಂಡನ್ನು ಮಾತ್ರ ಪ್ರತ್ಯೇಕಿಸಿ ‘ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಿಂದ ಬ್ರಿಟಿಷ್ ಸರ್ಕಾರದ ಆಡಳಿತಕ್ಕೆ ಬಿಟ್ಟುಕೊಡಲಾಯಿತು. ನೆಲದ ಒಡೆತನ ಮಹಾರಾಜರದು, ಅಧಿಕಾರ ರೆಸಿಡೆಂಟರದು. ೧೯೦೧ರ ಜನಗಣತಿಯಲ್ಲಿ ಪೇಟೆಯ ಜನಸಂಖ್ಯೆ ೬೯,೪೪೭, ದಂಡಿನದು ೮೯,೫೯೯. ಅಂದರೆ ಊರಿನ ಹೆಚ್ಚಿನ ಪಾಲು ಸಂಸ್ಥಾನದ ಆಡಳಿತದ ಹೊರಗಿದ್ದಿತು.

ಹಲಸೂರು, ಬ್ಲಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರ, ಇವು ದಂಡಿನ ಒಳಗೆ. ಪೂರ್ವದ ಕೃಷ್ಣರಾಜಪುರವು ಹೊರಗೆ, ಮೈಸೂರು ಸೀಮೆಯಲ್ಲಿ. ಆದುದರಿಂದ ಕೃಷ್ಣರಾಜಪುರದ ಹುಡುಗನೊಬ್ಬನು ಹಲಸೂರಿನ ದಾರಿಯಾಗಿ ಪೇಟೆಯ ಹೈಸ್ಕೂಲಿಗೆ ಹೊರಟನೆಂದರೆ, ಮೈಸೂರಿನಿಂದ ದಂಡಿಗೆ, ದಂಡಿನಿಂದ ಮರಳಿ ಮೈಸೂರಿಗೆ, ಹೀಗೆ ಒಂದು ಹೊತ್ತಿನ ಪ್ರಯಾಣದಲ್ಲಿ ಎಲ್ಲೆಯನ್ನು ಎರಡು ಸಲ ದಾಟುತ್ತಿದ್ದನು. ಕಾಲಿಗೆ ತೊಡರದ ಈ ಎಲ್ಲೆ ಶಾಲೆಯ ದಾಖಲೆಯ ಪುಸ್ತಕದಲ್ಲಿ ತೊಡರುತ್ತಿದ್ದಿತು.

ಇದಕ್ಕೆ ಕಾರಣ, ಎಲ್ಲೆಯ ಎರಡು ಕಡೆಗಳಲ್ಲಿಯೂ ವಿದ್ಯಾಭ್ಯಾಸವು ಬೇರೆಬೇರೆ ಮೂಲಗಳಿಂದ ಹರಿದುಬಂದುದು. ಮೈಸೂರು ಸೀಮೆಯಲ್ಲಿ ೧೮೫೪ರ ನಿರೂಪವನ್ನನುಸರಿಸಿ ೧೮೫೭ರಲ್ಲಿ ವಿದ್ಯಾ ಇಲಾಖೆ ಏರ್ಪಟ್ಟಿತು. ೧೮೫೮ರಲ್ಲಿ ಬೆಂಗಳೂರು ಹೈಸ್ಕೂಲು ತೆರೆಯಿತು. ಇದೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ೧೮೬೮ರಲ್ಲಿ ಲೂಯಿ ರೈಸರ ಯೋಜನೆಯಂತೆ ಹೋಬಳಿ ಪಾಠಶಾಲೆಗಳು ಬಂದು, ಕನ್ನಡದ ಮೂಲಕ ಹಳ್ಳಿಯವರೆಗೂ ಓದು ಮುಟ್ಟಿತು. ದಂಡಿನಲ್ಲಾದರೋ ಶಾಲೆಗಳು ಬಹುಮಟ್ಟಿಗೆ ಸೇನೆಯ, ಮಿಷನ್ನುಗಳ ಮತ್ತು ದಾನಿಗಳ ಪ್ರಯತ್ನದಿಂದ ಹುಟ್ಟಿದುವು. ಸೇಂಟ್ ಜೋಸೆಫರ ಶಾಲೆ ೧೮೫೮ರದು, ಬಿಷಪ್ ಕಾಟನ್ ಶಾಲೆ ೧೮೬೫ರದು, ಬಾಲ್ಡ್‌ವಿನ್ ಶಾಲೆ ೧೮೮೦ರದು. ದೇಶೀಯರ ಮಕ್ಕಳಿಗಾಗಿ ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ೧೮೭೩ರಲ್ಲಿ ಸ್ಥಾಪಿಸಿದ ಶಾಲೆಯ ಉಪಕಾರವನ್ನು ಹಲಸೂರಿನ ಸುತ್ತಿನ ಜನರು ಮರೆಯುವಂತಿಲ್ಲ. ಪೇಟೆಯ ಮುಖ್ಯಭಾಷೆ ಕನ್ನಡವಾದರೆ, ದಂಡಿನಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲೀಷುಗಳು ಪ್ರಬಲವಾಗಿದ್ದುವು. ಪೇಟೆಯ ಶಾಲೆಯು ಮೈಸೂರಿನ ಇಲಾಖೆಯ ಕಡೆಗೆ ನೋಡಿದರೆ, ದಂಡಿನ ಶಾಲೆಯು ಮದರಾಸಿನ ಕ್ರಮದ ಕಡೆಗೆ ನೋಡಿತು.

ಇನ್ನು ವರ್ಗಾವಣೆ ಪತ್ರದ ವಿಚಾರ. ನಮ್ಮ ಭಾಷೆಯಲ್ಲಿ ‘ವರ್ಗ’ ಎಂಬ ಶಬ್ದಕ್ಕೆ ತರಗತಿಯೆಂಬ ಅರ್ಥವೂ ಉಂಟು. ಕಚೇರಿಯ ಬಳಕೆಯಲ್ಲಿ ಒಂದೆಡೆಯಿಂದ ಮತ್ತೊಂದೆಡೆಗೆ ಕಳುಹಿಸುವುದೆಂಬ ಅರ್ಥವೂ ಉಂಟು. ಈ ಎರಡು ಅರ್ಥಗಳೂ ಆ ಕಾಗದದಲ್ಲಿ ಕೂಡಿರುವುವು. ಹುಡುಗನು ಯಾವ ತರಗತಿಯಲ್ಲಿ ಓದಿದನು, ಮೇಲಿನ ತರಗತಿಗೆ ಅರ್ಹನೇ, ಹುಟ್ಟಿದ ತಾರೀಖು ಯಾವುದು, ನಡತೆ ಎಂತಹುದು, ಶುಲ್ಕವೆಲ್ಲ ಸಂದಿದೆಯೇ, ಇವೇ ಅದರ ಮುಖ್ಯವಾದ ಕಲಮುಗಳು. ಇವುಗಳನ್ನು ವಿಮರ್ಶಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಪತ್ರವು ಮೊದಲು ಹುಟ್ಟಿದುದು ವಿದ್ಯಾರ್ಥಿಯ ಅನುಕೂಲಕ್ಕಾಗಿ ಅಲ್ಲ, ಶಾಲೆಯ ರಕ್ಷಣೆಗಾಗಿ. ಸಹಾಯಧನವು ಹಾಜರಿಯನ್ನೂ ಪರೀಕ್ಷೆಯ ಫಲವನ್ನೂ ಅವಲಂಬಿಸಿದ್ದ ಕಾಲದಲ್ಲಿ ಒಂದು ಶಾಲೆಯು ಮತ್ತೊಂದರ ಹುಡುಗರನ್ನು ಸೆಳೆದುಕೊಳ್ಳುವ ಭಯವಿದ್ದಿತು. ಶುಲ್ಕವನ್ನು ಉಳಿಸಿಕೊಂಡು ಹೊರಟುಹೋಗುವವರೂ, ಇಲ್ಲಿ ತೇರ್ಗಡೆಯಾಗದೆ ಅಲ್ಲಿ ಮೇಲಿನ ತರಗತಿಯನ್ನು ಸೇರುವವರೂ ಇಲ್ಲದಿರಲಿಲ್ಲ. ಇವೆಲ್ಲಕ್ಕೂ ಪತ್ರವೊಂದು ಕಟ್ಟು. ಅದು ಮುಖ್ಯೋಪಾಧ್ಯಾಯರ ಕೈಯಲ್ಲಿದ್ದ ಬೀಗದ ಕೈಯಾಗಿದ್ದಿತು.

ಎಲ್ಲೆಯನ್ನು ದಾಟುವವರು ಯಾರು ಎಂದು ಕೇಳಬಹುದು. ಸೇನೆಯ ನೆಲೆಯೆಂದರೆ ನಿಲ್ಲದೆ ಬದಲಾಗುವ ಜನ. ರೆಜಿಮೆಂಟು ಹೊರಟರೆ ಅದನ್ನು ನಂಬಿದ ಕುಟುಂಬಗಳೂ ಹೊರಡಬೇಕು. ೧೮೯೮ರ ಆಗಸ್ಟಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಇಕ್ಕಟ್ಟಾದ ಬೀದಿಗಳನ್ನು ಬಿಟ್ಟು ಜನರು ಚದರಿದರು. ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳೂ, ದಂಡಿನ ಕಡೆ ಫ್ರೇಜರ್ ಟೌನೂ ಬೆಳೆದುವು. ಮನೆ ಬದಲಾದ ಮೇಲೆ ಶಾಲೆಯೂ ಬದಲಾಗಲೇಬೇಕಷ್ಟೆ.

ಆದರೂ ೧೯೧೬ರವರೆಗೆ ಒಂದು ದೊಡ್ಡ ಅನುಕೂಲವಿದ್ದಿತು. ಎರಡು ಕಡೆಯ ಕಾಲೇಜುಗಳೂ ಮದರಾಸು ವಿಶ್ವವಿದ್ಯಾನಿಲಯಕ್ಕೇ ಸೇರಿದ್ದುವು. ಆದುದರಿಂದ ಮೆಟ್ರಿಕ್ಯುಲೇಷನ್ ಎಂಬುದು ಎಲ್ಲರಿಗೂ ಒಂದೇ ಅಳತೆಗೋಲು. ಚಕ್ರವರ್ತಿ ರಾಜಗೋಪಾಲಾಚಾರ್ಯರ ನಿದರ್ಶನವನ್ನು ಇಲ್ಲಿ ನೆನೆಯಬಹುದು. ಅವರು ಬಾಲ್ಯದಲ್ಲಿ ಮದರಾಸಾಧಿಪತ್ಯದ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರಿನಲ್ಲಿ ಓದಿ, ಬೆಂಗಳೂರಿಗೆ ಬಂದು, ೧೮೯೪ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವೀಧರರಾದರು. ಜಿಲ್ಲೆ ಬೇರೆ, ಸರ್ಕಾರ ಬೇರೆ. ಆದರೆ ಪರೀಕ್ಷೆ ಒಂದು. ಅಳತೆ ಒಂದೇ ಆಗಿರುವವರೆಗೆ ಎಲ್ಲೆಯ ಬಾಧೆ ಕಡಮೆ ಎಂಬುದಕ್ಕೆ ಇದೇ ಸಾಕ್ಷಿ.

೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು ನಾಡಿಗೆ ಹೆಮ್ಮೆಯ ಸಂಗತಿ. ಕನ್ನಡ ಸಾಹಿತ್ಯಕ್ಕೆ ಅದರಿಂದಾದ ಲಾಭವನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ. ಆದರೆ ಅದೇ ಘಟನೆಯಿಂದ ಬೆಂಗಳೂರಿನೊಳಗೆ ಅಳತೆಗೋಲು ಎರಡಾಯಿತು. ಪೇಟೆಯ ಸೆಂಟ್ರಲ್ ಕಾಲೇಜು ಮೈಸೂರಿಗೆ ಸೇರಿತು. ದಂಡಿನ ಸೇಂಟ್ ಜೋಸೆಫರ ಕಾಲೇಜು ಮದರಾಸಿನಲ್ಲಿಯೇ ಉಳಿಯಿತು. ಮೈಸೂರಿನ ಮೊದಲ ಏರ್ಪಾಡಿನಲ್ಲಿ ಪ್ರವೇಶ ತರಗತಿಯೊಂದು, ಅದರ ಮೇಲೆ ಮೂರು ವರ್ಷದ ಪದವಿ. ಮದರಾಸಿನಲ್ಲಿ ಎರಡು ವರ್ಷದ ಇಂಟರ್ಮೀಡಿಯೆಟ್ಟು, ಅದರ ಮೇಲೆ ಎರಡು ವರ್ಷ. ಒಟ್ಟು ಕಾಲ ಸಮವಾದರೂ ಮೆಟ್ಟಿಲುಗಳು ಸಮವಲ್ಲ. ನಡುವೆ ದಾಟುವವನ ಹೆಜ್ಜೆ ತಪ್ಪುವುದು ಸಹಜ. ಕೆಳಗಿನ ತರಗತಿಗಳಲ್ಲಿಯೂ ಹೀಗೆಯೇ. ಮೈಸೂರಿನಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆಯು ಹೈಸ್ಕೂಲಿನ ಬಾಗಿಲಾಗಿ ನಿಂತಿದ್ದಿತು. ಮದರಾಸಿನ ಕ್ರಮದಲ್ಲಿ ಒಂದನೆಯ ಫಾರಮಿನಿಂದ ಆರನೆಯ ಫಾರಮಿನವರೆಗೆ ಒಂದೇ ಏಣಿ. ಇವೆಲ್ಲಕ್ಕಿಂತ ಕಠಿನವಾದುದು ಭಾಷೆಯ ತೊಡಕು. ತಮಿಳನ್ನೋ ಉರ್ದುವನ್ನೋ ದೇಶಭಾಷೆಯಾಗಿ ಓದಿದ ಹಲಸೂರಿನ ಹುಡುಗನು ಕನ್ನಡವೇ ಪ್ರಧಾನವಾದ ಶಾಲೆಗೆ ಬಂದರೆ, ಗಣಿತದಲ್ಲಿ ಜಾಣನಾದರೂ ಒಂದು ವಿಷಯದಲ್ಲಿ ಅಕ್ಷರಾಭ್ಯಾಸದಿಂದ ಮೊದಲು ಮಾಡಬೇಕು. ಈ ಕೊರತೆಗೆ ವರ್ಗಾವಣೆ ಪತ್ರದಲ್ಲಿ ಕಲಮಿರಲಿಲ್ಲ.

ದಂಡು ೧೯೪೭ರ ಜುಲೈ ೨೬ರಂದು ಮೈಸೂರಿಗೆ ಮರಳಿತು. ೧೯೪೯ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದೇ ನಗರಸಭೆಯಾಯಿತು. ಸೇಂಟ್ ಜೋಸೆಫರ ಕಾಲೇಜೂ ಆ ಬಳಿಕ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದಿತು. ಇಲ್ಲಿಗೆ ಕಥೆ ಮುಗಿಯಿತೆಂದು ಕೆಲವರು ಹೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಪರೀಕ್ಷೆಯ ಅಳತೆ ಒಂದಾಯಿತೆಂಬುದು ನಿಜ. ಆದರೆ ಬೀಗದ ಕೈ ಮುಖ್ಯೋಪಾಧ್ಯಾಯರಲ್ಲಿಯೇ ಉಳಿಯಿತು. ಪತ್ರವನ್ನು ತಾರದವನಿಗೆ ಪ್ರವೇಶವಿಲ್ಲವೆಂಬ ಪದ್ಧತಿಯೂ ಉಳಿಯಿತು. ಊರೂರು ತಿರುಗಿ ಕೂಲಿ ಮಾಡುವ ಬಡವನ ಮಗುವಿಗೆ ಹಳೆಯ ಶಾಲೆಗೆ ಮತ್ತೆ ಹೋಗಿ ಕಾಗದ ತರುವುದೇ ಓದು ನಿಲ್ಲುವುದಕ್ಕೆ ಸಾಕಾದ ಕಾರಣ.

ಈ ಪದ್ಧತಿಯನ್ನು ಬುಡಮೇಲು ಮಾಡಿದುದು ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆ. ಅದರ ೫ನೆಯ ಪ್ರಕರಣದಂತೆ, ಮಗುವು ಯಾವ ಕಾರಣದಿಂದಲೇ ಆಗಲಿ, ರಾಜ್ಯದ ಒಳಗೇ ಆಗಲಿ ಹೊರಗೇ ಆಗಲಿ, ಬೇರೆ ಶಾಲೆಗೆ ಹೋಗಬೇಕಾದರೆ ವರ್ಗಾವಣೆಯನ್ನು ಕೇಳುವ ಹಕ್ಕು ಅದಕ್ಕುಂಟು. ಹಿಂದಿನ ಶಾಲೆಯ ಮುಖ್ಯಸ್ಥರು ಪತ್ರವನ್ನು ಕೂಡಲೇ ಕೊಡತಕ್ಕದ್ದು. ಪತ್ರವು ತಡವಾಯಿತೆಂಬ ಕಾರಣದಿಂದ ಪ್ರವೇಶವನ್ನು ತಡೆಯಕೂಡದು, ನಿರಾಕರಿಸಕೂಡದು. ಶಾಲೆಯನ್ನು ಕಾಯುವುದಕ್ಕಾಗಿ ಹುಟ್ಟಿದ ಕಾಗದವು ಮಗುವನ್ನು ಕಾಯುವ ಕಾಗದವಾಯಿತು. ಆದರೂ ಈ ಹಕ್ಕಿಗೆ ಮಿತಿಯುಂಟು. ಅದು ಪ್ರಾಥಮಿಕ ವಿದ್ಯಾಭ್ಯಾಸದ ಎಂಟು ತರಗತಿಗಳಿಗೆ ಮಾತ್ರ. ಸರ್ಕಾರದ ಸಹಾಯವನ್ನು ಪಡೆಯದ ಖಾಸಗಿ ಶಾಲೆಗಳ ಬಾಗಿಲನ್ನು ಅದು ತೆರೆಯಲಾರದು. ಶಿವಾಜಿನಗರದ ಉರ್ದು ಶಾಲೆಯ ಮಗುವು ಕೃಷ್ಣರಾಜಪುರಕ್ಕೆ ಹೋದರೆ ಪ್ರವೇಶ ದೊರೆಯಬಹುದು. ತಾನು ಅದುವರೆಗೆ ಕಲಿತ ಭಾಷೆಯಲ್ಲಿಯೇ ಪಾಠ ದೊರೆಯುವುದೆಂಬ ಭರವಸೆಯಿಲ್ಲ. ಕನ್ನಡವನ್ನು ಎಲ್ಲ ಶಾಲೆಗಳಲ್ಲಿಯೂ ಕಲಿಸಬೇಕೆಂಬ ೨೦೧೫ರ ಕಾಯಿದೆಯು ಸಾಮಾನ್ಯವಾದ ಸೇತುವೆಯೊಂದನ್ನು ಕಟ್ಟಿಕೊಟ್ಟಿದೆ. ಆ ಸೇತುವೆಯ ಮೇಲೆ ಮಗುವನ್ನು ಕೈಹಿಡಿದು ನಡೆಸುವ ಭಾರ ಭಾಷೋಪಾಧ್ಯಾಯರದು.

ಒಟ್ಟಿನಲ್ಲಿ ನೋಡಿದರೆ, ಬೆಂಗಳೂರಿನ ಎಲ್ಲೆಗಳು ಆಗಾಗ ಅಳಿದು ಹೊಸದಾಗಿ ಹುಟ್ಟುತ್ತಲೇ ಬಂದಿವೆ. ಬೇರೆಯಾಗಿದ್ದ ಕೃಷ್ಣರಾಜಪುರದ ನಗರಸಭೆಯು ೨೦೦೭ರಲ್ಲಿ ಮಹಾನಗರದೊಳಗೆ ಸೇರಿತು. ಆ ಮಹಾನಗರವೇ ೨೦೨೫ರಲ್ಲಿ ಐದು ನಗರಪಾಲಿಕೆಗಳಾಗಿ ಒಡೆಯಿತು. ಎಲ್ಲೆ ಎಲ್ಲಿ ಬಿದ್ದರೂ ಅದನ್ನು ದಾಟುವ ಮಗುವಿಗೆ ಬೇಕಾದುವು ಮೂರು: ಒಂದೇ ಅಳತೆ, ತಡೆಯಿಲ್ಲದ ಬಾಗಿಲು, ತಿಳಿಯುವ ಭಾಷೆ. ಮೊದಲನೆಯದು ದೊರೆತಿದೆ, ಎರಡನೆಯದು ಅರ್ಧ ದೊರೆತಿದೆ, ಮೂರನೆಯದಕ್ಕೆ ಇನ್ನೂ ದುಡಿಯಬೇಕಾಗಿದೆ.

ಕೊನೆಯದಾಗಿ ಒಂದು ವಿಜ್ಞಾಪನೆ. ದಂಡಿನ ಹಳೆಯ ಶಾಲೆಗಳ ದಾಖಲೆಯ ಪುಸ್ತಕಗಳಲ್ಲಿ ಮಕ್ಕಳು ಎಲ್ಲಿಂದ ಬಂದರು, ಎತ್ತ ಹೋದರು ಎಂಬ ಗುರುತುಗಳಿರುವುವು. ಈ ಊರಿಗೆ ಯಾವ ಜನ ಯಾವಾಗ ಬಂದಿತು, ಯಾವ ಭಾಷೆಯನ್ನು ಬಿಟ್ಟು ಯಾವುದನ್ನು ಹಿಡಿಯಿತು ಎಂಬುದಕ್ಕೆ ಅವು ಶಾಸನಗಳಷ್ಟೇ ಬೆಲೆಯುಳ್ಳ ಆಧಾರಗಳು. ಗೆದ್ದಲಿಗೆ ಆಹುತಿಯಾಗುವ ಮುನ್ನ ಅವುಗಳನ್ನು ಸಂಗ್ರಹಿಸಿ ಪರಿಶೀಲಿಸುವ ಕಾರ್ಯವನ್ನು ಉಪಾಧ್ಯಾಯರೂ ವಿದ್ವಾಂಸರೂ ಕೈಕೊಂಡರೆ ನಾಡಿನ ಚರಿತ್ರೆಗೆ ದೊಡ್ಡ ಉಪಕಾರವಾಗುವುದು.