ಹಂಚಿನ ಹಡಗಿನಲ್ಲಿ ಮುಂಬಯಿಗೆ

ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ಣವಾಗಿ ತೆರೆದ ಮೇಲೆ, ರಾತ್ರಿ ಮಲಗಿ ಬೆಳಿಗ್ಗೆ ಊರು ಸೇರುವ ನಾವು ಕಡಲ ದಾರಿಯನ್ನು ಮರೆತೇಬಿಟ್ಟಿದ್ದೇವೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆ ಕೆಂಪು ಹಂಚು ಪತ್ತೇಮಾರಿಗಳಲ್ಲಿ ಮುಂಬಯಿಗೆ ಬಂತು. ಹಂಚಿನೊಡನೆ ಊರ ಗೆಳೆಯರೂ ಜೊತೆಗೂಡಿ ಬಂದರೆಂದು ಹಿರಿಯರಿಂದ ಕೇಳಿದ್ದೇವೆ.

ಬಡಗು ದಿಕ್ಕಿಗೆ ಹೊರಟವರಿಗೆ ಹಗಲಿನ ವಾಯವ್ಯ ಗಾಳಿ ಎದುರು. ರಾತ್ರಿಯ ನೆಲಗಾಳಿಯೇ ಗತಿ. ಗಾಳಿ ಬಿದ್ದರೆ ಲಂಗರು ಹಾಕಿ, ಗಂಜಿ ಬೇಯಿಸಿಕೊಂಡು ಕಾಯಬೇಕು. ಮಳೆಗಾಲದಲ್ಲಂತೂ ಹಾಯಿ ಬಿಚ್ಚುವಂತೆಯೇ ಇಲ್ಲ. ಆಟಿ ತಿಂಗಳಲ್ಲಿ ತಾಯಿಗೆ ಕಾಯಿಲೆಯೆಂದು ಕಾಗದ ಬಂದರೂ ಮಗ ಬಂದ ದಾರಿಯಲ್ಲಿ ಹಿಂದಿರುಗುವಂತಿರಲಿಲ್ಲ!

ಕೊಲಾಬಾದ ಆಚೆ, 1875ರಲ್ಲಿ ಕಟ್ಟಿದ ಪ್ರಾಂಗ್ಸ್ ದೀಪಸ್ತಂಭ ಕಂಡಿತೆಂದರೆ ಮುಂಬಯಿ ಬಂತು. ಇಲ್ಲಿನ ಹಳೆಯ ಮನೆಗಳ ಮಾಡಿನ ಹಂಚನ್ನು ಮಗುಚಿ ನೋಡಿದರೆ ಮಂಗಳೂರಿನ ಹೆಸರು ಕಾಣಸಿಗುವುದುಂಟು.