ಹೊಗೆಯಿಲ್ಲದ ಒಲೆ, ಬಿಳಿಜೋಳದ ರೊಟ್ಟಿ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾದತ್ತ ಹೊರಟರೆ ಇಕ್ಕೆಲಗಳಲ್ಲೂ ಬಯಲು. ಈ ಸೀಮೆಯಲ್ಲಿ ಒಲೆಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜಾಲಿ, ಕುಳ್ಳುಗಳೇ ಆಧಾರ. ಜೋಳದ ಕಣಿಕೆ ದನಗಳ ಪಾಲು. ಉರುವಲಿಗೆ ಬರವಿರುವ ಕಡೆಯೇ ಅದನ್ನು ಪೋಲು ಮಾಡುವ ಒಲೆ ಇರುವುದು ವಿಪರ್ಯಾಸ. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಲುಪುವುದು ಕಟ್ಟಿಗೆಯ ಶಾಖದ ಸುಮಾರು ಶೇ 10 ಮಾತ್ರ. ಉಳಿದದ್ದು ಗಾಳಿಗೆ, ಹೊಗೆ ಮಾತ್ರ ಅಡುಗೆಯವಳ ಕಣ್ಣಿಗೆ, ಎದೆಗೆ.

ಹಿಂದಿನವರಿಗೆ ಇದು ತಿಳಿಯದ ಸಂಗತಿಯಲ್ಲ. ಮುಖ್ಯ ಒಲೆಯ ಉಳಿದ ಉರಿ ಪಕ್ಕದ ಕುಳಿಗೆ ಹರಿದು ಸಾರನ್ನೋ ನೀರನ್ನೋ ಬಿಸಿಯಾಗಿಡುವ ಕೋಡೊಲೆ ಇದಕ್ಕೆ ಸಾಕ್ಷಿ. ಈ ತತ್ವವನ್ನೇ ಮುಂದಕ್ಕೊಯ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳ ಅಗತ್ಯಗಳಿಗೆ ವಿಜ್ಞಾನವನ್ನು ಒದಗಿಸುವ ‘ಅಸ್ತ್ರ’ ಕೇಂದ್ರ ಆರಂಭವಾಯಿತು. 1980ರ ದಶಕದಲ್ಲಿ ಅದು ರೂಪಿಸಿದ ಮೂರು ಪಾತ್ರೆಗಳ ಒಲೆಯೇ ‘ಅಸ್ತ್ರ ಒಲೆ’. ತಳದಲ್ಲಿ ಜಾಲರಿ, ಬಾಯಿಗೆ ಮುಚ್ಚಳ, ಕುಳಿಯಲ್ಲಿ ಇಳಿದು ಕೂರುವ ಪಾತ್ರೆಗಳು, ಕೊನೆಗೆ ಹೊಗೆಕೊಳವೆ. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇ 40ರ ಆಸುಪಾಸು ಕಂಡಿತು.

ಆದರೆ ಒಲೆ ಒಳ್ಳೆಯದಾದರೆ ಸಾಲದು, ಉರಿಸುವ ರೀತಿಯೂ ಒಳ್ಳೆಯದಿರಬೇಕು. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಆರಿಸುವುದರಲ್ಲೇ ಶಾಖ ಮುಗಿದು ಹೊಗೆ ಏಳುತ್ತದೆ. ಆದ್ದರಿಂದ ಒಣಗಿಸಿ, ಸಣ್ಣಗೆ ಸೀಳಿ, ಸ್ವಲ್ಪ ಸ್ವಲ್ಪವೇ ಒಡ್ಡಬೇಕು. ಬಾಯಿ ತುಂಬ ತುರುಕಿದರೆ ಗಾಳಿಯಾಡದು. ಬಾಯಿ ಪೂರ್ತಿ ತೆರೆದಿಟ್ಟರೆ ಹೆಚ್ಚಿನ ಗಾಳಿ ಶಾಖವನ್ನು ಕೊಳವೆಯಲ್ಲಿ ಎಳೆದೊಯ್ಯುತ್ತದೆ. ಜಾಲರಿಯ ಕೆಳಗಿನ ಬೂದಿಯನ್ನು ನಿತ್ಯ ತೆಗೆಯಬೇಕು. ಕುಳಿಗೆ ಪಾತ್ರೆ ಸರಿಯಾಗಿ ಕೂರದಿದ್ದರೆ ಅಲ್ಲಿಂದಲೇ ಹೊಗೆ ಹೊರಬರುತ್ತದೆ. ಬಿರುಕಿಗೆ ಮಣ್ಣು ಮೆತ್ತಬೇಕು. ಕೊಳವೆಯಲ್ಲಿ ಕಟ್ಟಿದ ಮಸಿ ಎಳೆತವನ್ನು ಕುಗ್ಗಿಸುವುದಲ್ಲದೆ, ಒಮ್ಮೊಮ್ಮೆ ತಾನೇ ಹೊತ್ತಿಕೊಳ್ಳುತ್ತದೆ. ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ ಬಿಟ್ಟು ಮಲಗುವುದಂತೂ ಪ್ರಾಣಕ್ಕೇ ಕುತ್ತು. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ.

1983ರಲ್ಲಿ ಕೇಂದ್ರ ಸರಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಕಟ್ಟಿದ್ದಾಗಿತ್ತು. ಬಹಳಷ್ಟು ಒಲೆಗಳು ಬಾಳಲಿಲ್ಲ. ಕಟ್ಟಿಕೊಟ್ಟವರು ಮತ್ತೆ ಬಂದು ನೋಡದಿದ್ದದ್ದು ಒಂದು ಕಾರಣ. ಇನ್ನೊಂದು ಕಾರಣ ತಟ್ಟೆಯಲ್ಲಿತ್ತು. ಇಳಿದು ಕೂರುವ ಪಾತ್ರೆ ಅನ್ನಕ್ಕೆ, ಮುದ್ದೆಗೆ, ಸಾರಿಗೆ ಹೊಂದುತ್ತದೆ. ಬಬಲೇಶ್ವರದ ಕಡೆಯ ಅಡುಗೆಮನೆಗೆ ಮೊದಲು ಬೇಕಾದದ್ದು ಅಗಲ ಹಂಚು, ಅದರಡಿ ಹರಡುವ ಉರಿ. ಹಂಚಿನ ಮೇಲೆ ಬೆಂದ ಜೋಳದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡಕ್ಕೆ ಒರಗಿಸಿ ಉಬ್ಬಿಸುವುದು ಇಲ್ಲಿನ ರೂಢಿ. ಆ ಬಾಯಿಗೇ ಮುಚ್ಚಳ ಹಾಕಿದರೆ ರೊಟ್ಟಿ ಎಲ್ಲಿ ಒರಗೀತು?

2016ರ ಉಜ್ವಲಾ ಯೋಜನೆಯಿಂದ ಸಿಲಿಂಡರ್ ಬಂದಿದೆ. ಆದರೂ ಚಹಾಕ್ಕೆ ಗ್ಯಾಸು, ರೊಟ್ಟಿಗೆ ಕಟ್ಟಿಗೆ ಎನ್ನುವ ಮನೆಗಳು ಇಂದಿಗೂ ಇವೆ. ಒಲೆಯನ್ನು ಶಾಖದ ಲೆಕ್ಕದಿಂದಷ್ಟೇ ಅಳೆಯಲಾಗದು. ಅದರ ಮುಂದೆ ಕೂತು ರೊಟ್ಟಿ ಬಡಿಯುವವಳನ್ನು ಮೊದಲು ಕೇಳಬೇಕು.